‘ಫಿನಿಶ್ 1.6’ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಜಾಬ್ (ಮೆಷಿನ್ನಿನಲ್ಲಿ ತಯಾರಾದ ಲೋಹದ ಬಿಡಿಭಾಗ) ತಪಾಸಣೆ ನನ್ನ ಕೆಲಸ. ಹೊಸ ಹುಡುಗರಿಗೆಂದು ಗೋಡೆಗೆ ಅಂಟಿಸಲು ಒಂದು ಕನ್ನಡ ಹಾಳೆ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಪೆನ್ನು ನಿಂತುಬಿಟ್ಟಿದೆ.

ಡ್ರಾಯಿಂಗಿನಲ್ಲಿ ‘ಆರ್‌ಎ 1.6’ ಅಂತ ಇರುತ್ತದೆ. ಲೋಹದ ಮೈಮೇಲಿನ ಸಣ್ಣ ಉಬ್ಬುತಗ್ಗುಗಳು ನಡುಗೆರೆಯಿಂದ ಸರಾಸರಿ ಎಷ್ಟು ಮೈಕ್ರಾನ್ ದೂರ ಇವೆ ಅನ್ನುವ ಲೆಕ್ಕ ಅದು. ಬಾಯಲ್ಲಿ ನಾವು ಹೇಳುವುದು ‘ಫಿನಿಶ್ 1.6’. ಹಾಗಾಗಿ ಮೊದಲು ‘ನುಣುಪು’ ಅಂತ ಬರೆದೆ. ಓದಿದ ಹುಡುಗ, “ಹಾಗಾದ್ರೆ 3.2 ಅಂದ್ರೆ ಇನ್ನೂ ಜಾಸ್ತಿ ನುಣುಪು ಅಲ್ವಾ ಸಾರ್?” ಅಂದ. ಅವನದು ತಪ್ಪಲ್ಲ. ಅಂಕಿ ಏರಿದಷ್ಟೂ ಮೈ ಕೆಡುತ್ತದೆ, ಪದ ಮಾತ್ರ ಉಲ್ಟಾ ಹೇಳುತ್ತಿದೆ.

‘ಹೊಳಪು’ ಅಂತೂ ಬೇಡವೇ ಬೇಡ. ಹಿಂದೊಮ್ಮೆ ಪಳಪಳ ಹೊಳೆಯುತ್ತಿದ್ದ ಒಂದು ಲಾಟ್ ಶಾಫ್ಟನ್ನು ಕಣ್ಣಲ್ಲೇ ನೋಡಿ ಪಾಸ್ ಮಾಡಿದೆ. ಗಿರಾಕಿ ಅಳೆದರೆ 3 ದಾಟಿತ್ತು. ಪೂರ್ತಿ ಲಾಟ್ ವಾಪಸ್ ಬಂತು. ಲೇತಿನ ಫೀಡ್, ಅಂದರೆ ಜಾಬ್ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಮುಂದೆ ಸರಿಯುವ ದೂರ, ಸ್ವಲ್ಪ ಏರಿತ್ತು, ಅಷ್ಟೆ. ಫೀಡ್ ಎರಡರಷ್ಟಾದರೆ ಉಬ್ಬುತಗ್ಗು ಸುಮಾರು ನಾಲ್ಕರಷ್ಟಾಗುತ್ತದೆ.

ಈ ಉಬ್ಬುತಗ್ಗು ಅಳೆಯುವ ಒಳ್ಳೆ ಕಂಪನಿಯ ಟೆಸ್ಟರ್ ನಮ್ಮಂಥ ಸಣ್ಣ ಶಾಪಿಗೆ ಭಾರ. ಈಗ ಕಂಪ್ಯಾರೇಟರ್ ಪಟ್ಟಿ ಇಟ್ಟುಕೊಂಡಿದ್ದೇವೆ. ಅಂಗೈ ಅಗಲದ ಲೋಹದ ಪಟ್ಟಿ, ಅದರಲ್ಲಿ 0.4, 0.8, 1.6, 3.2, 6.3 ಅಂತ ಸಾಲಾಗಿ ಚೌಕಗಳು. ಜಾಬ್ ಮೇಲೆ ಒಮ್ಮೆ, ಚೌಕದ ಮೇಲೆ ಒಮ್ಮೆ ಉಗುರೆಳೆದು ತಾಳೆ ನೋಡಬೇಕು. ಟೂಲಿನ ಗೆರೆಗೆ ಅಡ್ಡವಾಗಿಯೇ ಎಳೆಯಬೇಕು. ಗೆರೆಯುದ್ದಕ್ಕೂ ಎಳೆದರೆ ಕೆಟ್ಟ ಮೈಯೂ ನುಣ್ಣಗೆ ಅನ್ನಿಸುತ್ತದೆ. ಲೇತ್ ಜಾಬಿಗೆ ಲೇತಿನ ಪಟ್ಟಿ, ಗ್ರೈಂಡಿಂಗಿಗೆ ಅದರದೇ ಪಟ್ಟಿ. ತೀರಾ ನಯವಾದ ಮೈಗಳಲ್ಲಿ ಉಗುರಿಗೆ ವ್ಯತ್ಯಾಸ ಸಿಗುವುದಿಲ್ಲ. ಆದರೆ 1.6ಕ್ಕೂ 3.2ಕ್ಕೂ ಇರುವ ವ್ಯತ್ಯಾಸ ಒಂದು ವಾರದ ಅಭ್ಯಾಸಕ್ಕೆ ಕೈಗೆ ಹತ್ತುತ್ತದೆ. ಈ ಪಟ್ಟಿಗೆ ‘ತಾಳೆಪಟ್ಟಿ’ ಅಂತ ಹೆಸರಿಟ್ಟೆ, ಹುಡುಗರೂ ಹಾಗೇ ಕರೆಯುತ್ತಿದ್ದಾರೆ.

ಉಳಿದಿರುವುದು ಆ ಅಂಕಿಯ ಹೆಸರು. ‘ಒರಟುತನ 1.6’ ಅಂದರೆ ಮನುಷ್ಯರ ನಡತೆಯೇ ನೆನಪಾಗುತ್ತದೆ. ‘ತರಿ’ ಚೆಂದದ ಪದ, ಆದರೆ ತರಿ ಅಂದರೆ ರವೆಯ ಹಾಗೆ ಬಿಡಿ ಬಿಡಿ ಕಾಳು. ಲೇತಿನ ಗೆರೆ ಲೋಹದ ಮೈಯಲ್ಲೇ ಇರುವಂಥದ್ದು. ನನಗೆ ಮನಸ್ಸಿಗೆ ಬಂದದ್ದು ‘ದೊರಗು’. “ದೊರಗು 1.6ರ ಒಳಗಿರಲಿ” ಅಂದಾಗ ಅಂಕಿ, ಪದ ಎರಡೂ ಒಂದೇ ದಿಕ್ಕಿಗೆ ಹೋಗುತ್ತವೆ.

ನಿಮ್ಮ ಕಡೆ ‘ದೊರಗು’ ಮಾತಿನಲ್ಲಿ ಇದೆಯಾ, ಬರೀ ಪುಸ್ತಕದ್ದಾ? ಇನ್ನೊಂದು ಕೇಳಬೇಕು. ಸವೆದು ನುಣ್ಣಗಾದ ಒರಳುಕಲ್ಲನ್ನು ಉಳಿಯಿಂದ ಕುಟ್ಟಿ ಸರಿ ಮಾಡಿಕೊಡುವವರು ಮನೆ ಬಾಗಿಲಿಗೆ ಬರುತ್ತಿದ್ದರಲ್ಲ, ಕಲ್ಲಿಗೆ ಬೇಕೆಂದೇ ಕೊಡುತ್ತಿದ್ದ ಆ ಒರಟಿಗೆ ಅವರು ಏನನ್ನುತ್ತಿದ್ದರು? ಮನೆಯ ಹಿರಿಯರನ್ನು ಕೇಳಿ ತಿಳಿಸಿ.