ಅಡತ್ ಅಂಗಡಿ ಸಾಫ್ಟ್‌ವೇರ್: ಸ್ವಂತ ರೊಕ್ಕ, ಇಬ್ಬರೇ ಜನ. ಲೀನ್, ಅಜೈಲ್ ಹೆಂಗ ಹಚ್ಚೋದು?

ಗಂಜ್‌ಕೋಡ್, ಕಲಬುರಗಿ

ನೆಹರು ಗಂಜ್‌ನ ಅಡತ್ ಅಂಗಡಿಗಳಿಗೆ (ರೈತರ ಮಾಲು ಕಮಿಷನ್ ಮ್ಯಾಲ ಮಾರಿಸಿಕೊಡೋ ಅಂಗಡಿ) ಸಾಫ್ಟ್‌ವೇರ್ ಮಾಡ್ಬೇಕಂತ ಇಬ್ಬರು ಕೂತೀವಿ. ಸಾಲ ಇಲ್ಲ, ಇನ್ವೆಸ್ಟರ್ ಇಲ್ಲ. ಕೈಯಾಗ 6 ಲಕ್ಷ, ತಿಂಗಳ ಖರ್ಚು 45 ಸಾವಿರ. ಆವಕ (ಮಾಲು ಬಂದದ್ದು), ತೂಕ, ಪಟ್ಟಿ (ರೈತರಿಗೆ ಕೊಡೋ ಬಿಲ್ಲು), ಉದ್ರಿ ಖಾತೆ, ಗೋದಾಮಿನ ಸ್ಟಾಕ್, ರೈತರಿಗೆ ಮೊಬೈಲ್ ಆ್ಯಪ್, ಎಲ್ಲಾ ಸೇರಿ ಈ ಜುಲೈದಿಂದ 8 ತಿಂಗಳ ಪ್ಲಾನ್. ಲೀನ್ (ದಂಡದ ಕೆಲಸ ಕಡಿಮೆ ಮಾಡೋದು), ಅಜೈಲ್ (ಸಣ್ಣ ಸಣ್ಣ ಸುತ್ತಿನಾಗ ಕಟ್ಟಿ ಗಿರಾಕಿಗೆ ತೋರಿಸೋದು) ಪದ್ಧತಿ ಹಚ್ಚಬೇಕಂತೀವಿ. ಮೊದಲು ಯಾವುದು ಕಟ್ಟೋದು? ದಿನಾ ಸ್ಟ್ಯಾಂಡಪ್ (ನಿಂತುಕೊಂಡೇ ಮಾಡೋ ಸಣ್ಣ ಮೀಟಿಂಗ್) ಇಬ್ಬರಿಗೆ ಬೇಕೇನು?

ತೊಗರಿಕಣಜ, ಕಲಬುರಗಿ

ಜುಲೈದಿಂದ 8 ತಿಂಗಳು ಎಣಿಸ್ರಿ, ಫೆಬ್ರವರಿ ಮುಗೀತದ. ತೊಗರಿ ಆವಕದ ಜೋರು ಜನವರಿ, ಫೆಬ್ರವರಿ. ನೀವು ಅಂಗಡಿಗಿ ಹೋಗೋದ್ರಾಗ ಸೀಜನ್ ಮುಗಿದಿರ್ತದ, ಮುಂದಿನ ಸೀಜನ್ ಬರೋದ್ರಾಗ ನಿಮ್ಮ ರೊಕ್ಕ ಮುಗಿದಿರ್ತದ.

6 ಲಕ್ಷದಾಗ ಮೂರು ತಿಂಗಳ ಖರ್ಚು 1,35,000 ಮುಟ್ಟಬ್ಯಾಡ್ರಿ. ಉಳಿದ 4,65,000 ಅಂದ್ರ ಎರಡೆರಡು ವಾರದ 22 ಸುತ್ತು, ಸುತ್ತಿಗೆ ಹತ್ತಿರ ಹತ್ತಿರ 21 ಸಾವಿರ. ಪ್ರತಿ ಸುತ್ತು ಮುಗಿದಾಗ ಈ 21 ಸಾವಿರಕ್ಕ ಗಿರಾಕಿ ಬಗ್ಗೆ ಏನು ಹೊಸದು ಗೊತ್ತಾತು ಅಂತ ಒಂದು ಸಾಲು ಬರದಿಡ್ರಿ. ಸಾಲು ಹೊಳೀಲಿಲ್ಲಂದ್ರ ಆ ಸುತ್ತು ದಂಡ.

ಕಟ್ಟೋದು ಪಟ್ಟಿ ಒಂದೇ. ಉಳಿದದ್ದೆಲ್ಲ ಅದರ ಮ್ಯಾಲೇ ನಿಲ್ತದ. ಮೊದಲ ಸುತ್ತಿನಾಗ ಕೋಡ್ ಬ್ಯಾಡ. ಒಂದು ಅಂಗಡಿಯ ಹಳೇ 30 ಪಟ್ಟಿ ಇಸ್ಕೊಂಡು, ರೈತರ ಹೆಸರು ಮುಚ್ಚಿ, ಎಕ್ಸೆಲ್‌ನಾಗ ಕೂಡಿಸ್ರಿ. 30ಕ್ಕ 30 ತಾಳೆ ಆಗೋತನಕ ಮುಂದ ಹೋಗಬ್ಯಾಡ್ರಿ. ತಪ್ಪೋದು ಪೈಸಾದಾಗ. 9 ಕ್ವಿಂಟಲ್ 14 ಕೆಜಿ 300 ಗ್ರಾಂ, ದರ 7,350 ಅಂದ್ರ 67,201 ರೂಪಾಯಿ 5 ಪೈಸಾ, ಇದು ಸರಳ. ಆದ್ರ ಒಬ್ಬ ರೈತನ ಮೂರು ಲಾಟ್‌ನಾಗ ತಲಾ 40 ಪೈಸಾ ಉಳೀತು ಅನ್ರಿ: ಲಾಟ್‌ವಾರು ರೌಂಡ್ ಮಾಡಿದ್ರ ಸೊನ್ನೆ, ಕೂಡಿಸಿ ಮಾಡಿದ್ರ ಒಂದು ರೂಪಾಯಿ. ಮುನೀಮರ ಪದ್ಧತಿ ಯಾವುದಂತ ಅವರನ್ನೇ ಕೇಳ್ರಿ. ಒಂದು ರೂಪಾಯಿ ಫರಕ್ ಬಿದ್ದ ದಿನ ಅವರು ಕ್ಯಾಲ್ಕುಲೇಟರ್ ಹಿಡೀತಾರ, ಮತ್ತ ನಿಮ್ಮ ಕಡೆ ಹೊಳ್ಳಿ ನೋಡಂಗಿಲ್ಲ. ಡೇಟಾಬೇಸಿನಾಗ ರೊಕ್ಕ ಪೈಸಾದಾಗ, ತೂಕ ಗ್ರಾಂನಾಗ, ಪೂರ್ಣಾಂಕವಾಗೇ ಇಡ್ರಿ. ಫ್ಲೋಟ್ (ದಶಮಾಂಶ ಸಂಖ್ಯೆ ಅಂದಾಜಿನಾಗ ಇಡೋ ಪದ್ಧತಿ) ಹಚ್ಚಿದ್ರ 0.1ಕ್ಕ 0.2 ಕೂಡಿಸಿದ್ರೂ ಸರಿಯಾಗಿ 0.3 ಬರಂಗಿಲ್ಲ.

ಹೆಸರು, ಉದ್ದು ಆಗಸ್ಟ್ ಕೊನೆಗೆ, ಸೆಪ್ಟೆಂಬರ್‌ನಾಗ ಬರ್ತಾವ. ಸಣ್ಣ ಸೀಜನ್, ಪರೀಕ್ಷೆಗೆ ಅದೇ ಸರಿ. 3 ಅಂಗಡಿ ಸಾಕು, ತಲಾ 2,000 ಮುಂಗಡ ತಗೋರಿ. ‘ಚೊಲೋ ಅದ’ ಅಂತ ಚಹಾ ಕುಡಿಸಿ ಕಳಿಸಿದವ್ರನ್ನ ಗಿರಾಕಿ ಅಂತ ಎಣಿಸಬ್ಯಾಡ್ರಿ.

ಕಾರಂಜಾ, ಬೀದರ್

ಒಂದೇ ಟೇಬಲ್ಲಿಗೆ ಕೂತ ಇಬ್ಬರು ಎದ್ದು ನಿಂತು ಹೇಳಿಕೊಳ್ಳೋದು ಏನಿದೆ? ಸ್ಟ್ಯಾಂಡಪ್ ಬಿಡಿ. ಎರಡು ವಾರಕ್ಕೊಮ್ಮೆ ಅಂಗಡಿಗೆ ಹೋಗಿ ಮುನೀಮರ ಕೈಯಲ್ಲೇ ಓಡಿಸಿ, ನೀವು ಮೌಸ್ ಮುಟ್ಟದೆ ನೋಡಿ. 2001ರಲ್ಲಿ ಅಜೈಲ್ ಪ್ರಣಾಳಿಕೆ ಬರೆದ 17 ಜನ ಒತ್ತು ಕೊಟ್ಟದ್ದು ಓಡುವ ಸಾಫ್ಟ್‌ವೇರಿಗೆ.

ಕೆಲಸಕ್ಕೊಂದು ಚೀಟಿ ಬರೆದು ಅಂಟಿಸಿ, ಗೋಡೆ ಮೇಲೆ ಮೂರು ಕಾಲಂ: ಮಾಡಬೇಕು, ನಡೀತಿದೆ, ಅಂಗಡಿಯಲ್ಲಿ ಓಡ್ತಿದೆ. ನಡುವಿನದರಲ್ಲಿ 2 ಚೀಟಿಗಿಂತ ಹೆಚ್ಚು ಬೇಡ. ವಾರಕ್ಕೆ ಸರಾಸರಿ 2 ಕೆಲಸ ಮುಗೀತಿದ್ದು 8 ಕೆಲಸ ಅರ್ಧಕ್ಕಿದ್ದರೆ ಒಂದೊಂದಕ್ಕೂ 4 ವಾರ ಹಿಡಿಯುತ್ತೆ, 2 ಇದ್ದರೆ 1 ವಾರ. ಲಿಟಲ್ ನಿಯಮ ಇಷ್ಟೇ. ಅರ್ಧ ಬರೆದ ಕೋಡು ಗೋದಾಮಿನಲ್ಲಿ ಬಿದ್ದ ತೊಗರಿ, ರೊಕ್ಕ ಸಿಕ್ಕಿಬಿದ್ದಿರುತ್ತೆ, ಹುಳಾನೂ ಬೀಳುತ್ತೆ. ಟೊಯೊಟಾದ ತಾಯಿಚಿ ಓನೊ ಈ ಚೀಟಿ ಪದ್ಧತಿಯ ಸುಳಿವು ಹಿಡಿದದ್ದು ಅಮೆರಿಕದ ಸೂಪರ್‌ಮಾರ್ಕೆಟ್‌ನಿಂದ: ಗಿರಾಕಿ ಎತ್ತಿಕೊಂಡಷ್ಟೇ ಮತ್ತೆ ತುಂಬಿಸೋದು. (ನಿಮ್ಮೂರಿನ ಸೂಪರ್ ಮಾರ್ಕೆಟ್ ಅನ್ನೋ ಪೇಟೆ ಅಲ್ಲ ಮತ್ತೆ!)

ಪ್ರಿಂಟರನ್ನು ಮೊದಲ ತಿಂಗಳೇ ಪರೀಕ್ಷಿಸಿ. ಅಗ್ಗದ ಥರ್ಮಲ್ ಪ್ರಿಂಟರಿಗೆ ಕನ್ನಡ ಅಕ್ಷರ ನೇರವಾಗಿ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆ ಬರುತ್ತೆ, ಅದರೊಳಗೆ ಕನ್ನಡ ಫಾಂಟೇ ಇರಲ್ಲ. ಪಟ್ಟಿಯನ್ನು ಚಿತ್ರವಾಗಿ ಮಾಡಿ ಕಳಿಸಬೇಕು, 80 ಮಿ.ಮೀ. ರೋಲಿಗೆ, 203 ಡಿಪಿಐ (ಇಂಚಿಗೆ 203 ಚುಕ್ಕಿ) ಆದರೆ, ಅಗಲ 576 ಚುಕ್ಕಿ. ಫಾಂಟ್ ತೀರಾ ಸಣ್ಣದಾದರೆ ಒತ್ತಕ್ಷರ ಮಸಿಯಾಗುತ್ತೆ, ‘ಅಪ್ಪಣ್ಣ’ ಎಂಬ ಹೆಸರು ಹಾಕಿ ನೋಡಿ.

ಕರೆಂಟು, ನೆಟ್ಟು ಹೋದರೂ ಪಟ್ಟಿ ನಿಲ್ಲಬಾರದು. ಡೇಟಾ ಅಂಗಡಿಯ ಕಂಪ್ಯೂಟರಿನೊಳಗೇ ಓಡುವ ಸಣ್ಣ ಡೇಟಾಬೇಸ್ ಎಸ್‌ಕ್ಯೂಲೈಟ್‌ನಲ್ಲೇ ಇರಲಿ, ನೆಟ್ ಬಂದಾಗ ಮೇಲೆ ಸರ್ವರಿಗೆ ಹೋಗಲಿ. ಎರಡು ಕಂಪ್ಯೂಟರ್ ಇದ್ದರೆ ಎರಡೂ 147ನೇ ಪಟ್ಟಿ ಕೊಟ್ಟು ಕೂರುತ್ತವೆ. ಅದಕ್ಕೆ ಅ-147, ಬ-147 ಅಂತ ಮೊದಲ ದಿನದಿಂದಲೇ ಬೇರೆ ಮಾಡಿ.

ಗಂಜ್‌ಕೋಡ್, ಕಲಬುರಗಿ

ಒಬ್ಬ ಸಾವಕಾರ್ರು ಟ್ಯಾಲಿಗೆ (ಲೆಕ್ಕ ಬರೆಯೋ ಸಾಫ್ಟ್‌ವೇರ್) ಕಳಿಸೋ ಬಟನ್ ಕೇಳ್ಯಾರ, ಇನ್ನೊಬ್ಬರು ವಾಟ್ಸ್ಆ್ಯಪ್‌ನಾಗ ಪಟ್ಟಿ. ತಿಂಗಳಿಗೆ 500 ಇಟ್ರ ನಡೀತದೇನು?

ಭೀಮಾದಂಡಿ, ಯಾದಗಿರಿ

ತಿಂಗಳಿಗೆ 500 ಅಂದ್ರ ವರ್ಷಕ್ಕ 6,000. ನಿಮ್ಮ ವರ್ಷದ ಖರ್ಚು 5,40,000, ಅಂದ್ರ 90 ಅಂಗಡಿ ಬೇಕು. ಇಬ್ಬರು 90 ಅಂಗಡಿ ಫೋನ್ ಎತ್ತಿ ಕೋಡ್ ಯಾವಾಗ ಬರೀತೀರಿ? 12,000 ಇಡ್ರಿ, 45 ಸಾಕು. ವಸೂಲಿ ವರ್ಷಕ್ಕೊಮ್ಮೆ, ನವೆಂಬರ್‌ನಾಗ. ಜೂನ್‌ನಾಗ ಆವಕಾನೇ ಇರಂಗಿಲ್ಲ, ‘ತೆರೆದೇ ಇಲ್ಲ, 500 ಯಾಕ?’ ಅಂತಾರ. ವರ್ಷದ ವಹಿವಾಟು 20 ಲಕ್ಷ ದಾಟೋತನಕ ಸೇವೆಗೆ ಜಿಎಸ್‌ಟಿ ನೋಂದಣಿಯೂ ಬೇಕಾಗಿಲ್ಲ.

ವಾಟ್ಸ್ಆ್ಯಪ್‌ಗೆ ಈಗ ಕೋಡ್ ಬ್ಯಾಡ. ಪಿಡಿಎಫ್ ಮಾಡಿ ಮುನೀಮರು ಕೈಯಿಂದಲೇ ಕಳಿಸ್ಲಿ, ಎರಡು ವಾರ ಎಷ್ಟು ಹೋದವಂತ ಎಣಿಸ್ರಿ. ಟ್ಯಾಲಿದು ವಹಿಯಾಗ ಬರದಿಡ್ರಿ, ರೊಕ್ಕ ಕೊಟ್ಟ ಮೂರನೇ ಅಂಗಡಿ ಕೇಳಿದಾಗ ಚೀಟಿ ಅಂಟಿಸ್ರಿ.

ಕಾರಂಜಾ ಅವರ 2 ಚೀಟಿ ಲೆಕ್ಕ ಸೀಜನ್‌ನಾಗ ನಡೆಯಂಗಿಲ್ಲ. ಒಬ್ಬರು ಪೂರಾ ಫೋನಿಗೇ ಬೇಕು, ಆಗ 1 ಚೀಟಿ. ಡಿಸೆಂಬರ್ 15ರ ನಂತರ ಹೊಸ ಫೀಚರ್ ಬಂದ್. ತಪ್ಪು ತಿದ್ದಿದ್ದು ಮಾತ್ರ, ಅದೂ ಟೆಂಡರ್, ತೂಕ ಮುಗಿದ ಮ್ಯಾಲ ಸಂಜಿಗಿ ಒಂದೇ ಅಂಗಡಿಗಿ ಹಾಕಿ, ಮರುದಿನ ನೋಡಿ ಉಳಿದವ್ರಿಗೆ. ಹಳೇ ವರ್ಷನ್ ಅಳಿಸಬ್ಯಾಡ್ರಿ. ಬ್ಯಾಕಪ್ ದಿನಾ ತಗೋತೀರಿ ಸರಿ, ವಾರಕ್ಕೊಮ್ಮೆ ಅದನ್ನ ಬ್ಯಾರೆ ಕಂಪ್ಯೂಟರ್‌ನಾಗ ತೆರೆದು ಕಡೀ ಪಟ್ಟಿ ನಂಬರ್ ತಾಳೆ ನೋಡ್ರಿ.