ಬಡಾವಣೆಯ ಪಾರ್ಕಿನಲ್ಲಿ ಒಂದು ದಿನದ ‘ಹಸಿರು ಹಬ್ಬ’: ಮಾಡಿ ನೋಡಿದವರು ಹೇಳಿ

ಮೂರನೇ ಅಡ್ಡರಸ್ತೆ
ನಮ್ಮದು ಬೆಂಗಳೂರಿನ ಹಳೆಯ ಬಡಾವಣೆ. ಮುಕ್ಕಾಲು ಎಕರೆ ಪಾರ್ಕು, ನಿವಾಸಿಗಳ ಸಂಘದ ಕೈಯಲ್ಲಿ 40,000 ರೂಪಾಯಿ. ಜೂನ್ 5ರ ಪರಿಸರ ದಿನಕ್ಕೆ ಮಾಡುವುದೋ, ಹೂ ಬಿಡುವ ಫೆಬ್ರುವರಿಯಲ್ಲೋ? ಮಳಿಗೆ ಇಡಬಹುದೇ? ಅನುಭವಸ್ಥರು ತಿಳಿಸಿ.

ಹೊಂಗೆಕಟ್ಟೆ
ಫೆಬ್ರುವರಿ. ಎರಡನೇ ಮಾತಿಲ್ಲ. 2014ರಲ್ಲಿ ಬೆಂಗಳೂರಿನಲ್ಲಿ ‘ನೆರಳು’ ಮರಗಳ ಹಬ್ಬ ಆರಂಭವಾದದ್ದೂ ಅದೇ ತಿಂಗಳಲ್ಲಿ, ಅದೂ ಜನರೇ ಹಣ ಹಾಕಿ. ಅದನ್ನು ನೋಡಿಯೇ ನಮ್ಮ ರಸ್ತೆಯವರಿಗೂ ಉಮೇದು ಬಂದದ್ದು. ಹಳದಿ ಟಬೆಬುಯಾ ಮೈತುಂಬ ಅರಳಿದ್ದ ಭಾನುವಾರ ಹಿಡಿದೆವು.

ಖರ್ಚು ಬರೆದುಕೊಳ್ಳಿ. ಶಾಮಿಯಾನ 9,500. 150 ಕುರ್ಚಿ, ಒಂದಕ್ಕೆ 10ರಂತೆ. ಮೈಕ್ ಸೆಟ್ಟಿಗೆ 4,000 ಎಂದು ಒಪ್ಪಿದವನು ಸಂಜೆ 5,200 ಕೇಳಿದ. ಎರಡನೇ ಮೈಕಿನ ಬಾಡಿಗೆ ಬೇರೆಯಂತೆ. ಉಪ್ಪಿಟ್ಟು, ಕೇಸರಿಬಾತು, ಕಾಫಿ ತಲೆಗೆ 55ರಂತೆ 120 ಜನರಿಗೆ ಹೇಳಿದ್ದೆವು, ಬಂದವರು ಇನ್ನೂರರ ಮೇಲೆ. ಕಾರ್ಯದರ್ಶಿಯ ಹೆಂಡತಿಯ ತವರಿನವರೇ ಹದಿನಾಲ್ಕು ಮಂದಿ! ಶಾಮಿಯಾನದ ಹುಡುಗರು ಗೂಟ ಹೊಡೆಯುವಾಗ ಹುಲ್ಲುಹಾಸಿನ ಕೆಳಗಿನ ಪೈಪು ಒಡೆದು ವೇದಿಕೆಯ ಮುಂದೆ ಕೆಸರಾಯಿತು. ಭಾನುವಾರವೆಂದು ಪ್ಲಂಬರ್ 1,800 ಕಿತ್ತ. ಶಾಮಿಯಾನದವನು ಬಿಲ್ಲಿನಲ್ಲಿ ಬಿಟ್ಟದ್ದು 300.

ಆದರೂ ಹೇಳುತ್ತೇನೆ, ಆ ದಿನ ಮರಗಳ ನಡಿಗೆಗೆ ಬಂದ ಮಕ್ಕಳಿಗೆ ಇವತ್ತಿಗೂ ಪ್ರತಿ ಮರದ ಹೆಸರು ಬಾಯಿಪಾಠ. ಹೆಸರಿನ ಹಲಗೆಗಳಿಗೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಎಲ್ಲವನ್ನೂ ಸೆಣಬಿನ ಹುರಿಯಲ್ಲಿ ಕಟ್ಟಿದ್ದೆವು.

ಗುದ್ದಲಿ ಹಿಡಿದವನು
ಅರಳಿದ ಹೂವಿನ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುವುದಕ್ಕೆ ಹಬ್ಬವೆಂದು ಏಕೆ ಕರೆಯುತ್ತೀರಿ ಸ್ವಾಮಿ? ಸಸಿ ನೆಟ್ಟು ಉಳಿಸಿಕೊಂಡು ನೋಡಿ, ಆಗ ಗೊತ್ತಾಗುತ್ತದೆ.

ನಾವು ಧಾರವಾಡದವರು, ಮಾಡಿದ್ದು ಜೂನ್ 5ಕ್ಕೆ. ನಲವತ್ತು ಸಸಿ: ಬೇವು, ನೇರಳೆ, ಹೊಂಗೆ, ಎರಡು ಅತ್ತಿ. ಸಸಿಗಿಂತ ಕಬ್ಬಿಣದ ಬೇಲಿಗೇ ಹೆಚ್ಚು ಹೋಯಿತು. ಒಂದಕ್ಕೆ 850ರಂತೆ 34,000. ಬೆಳಿಗ್ಗೆ ಎಂಟಕ್ಕೆ ಬರಬೇಕಿದ್ದ ಅತಿಥಿ ಬಂದದ್ದು ಹನ್ನೊಂದೂವರೆಗೆ. ಅಷ್ಟರಲ್ಲಿ ಪ್ಲಾಸ್ಟಿಕ್ ಚೀಲ ಹರಿದಿಟ್ಟಿದ್ದ ಸಸಿಗಳ ಬೇರಿನ ಮಣ್ಣು ಒಣಗಿ ಉದುರುತ್ತಿತ್ತು. ಅವರು ಒಂದು ಸಸಿಗೆ ನೀರು ಹನಿಸಿ, ಶಾಲು ಹೊದಿಸಿಕೊಂಡು ಹೊರಟುಹೋದರು. ಉಳಿದ ಗುಂಡಿ ಮುಚ್ಚಿದವರು ನಾವು ಆರು ಜನ.

ದೀಪಾವಳಿಯ ಹೊತ್ತಿಗೆ ಹನ್ನೆರಡು ಬೇಲಿ ಕಾಣೆಯಾದವು. ಗುಜರಿ ಅಂಗಡಿಯಲ್ಲಿ ಒಂದನ್ನು ಕಂಡೆ. ನಾನೇ ಬಳಿದ ಹಸಿರು ಬಣ್ಣ, ನಾನೇ ಬರೆದ ನಂಬರು. ‘ನಮ್ಮದು’ ಎಂದರೆ ಅಂಗಡಿಯವನು ತೂಕದ ಯಂತ್ರದ ಮೇಲಿಟ್ಟು, ‘ಕೆಜಿಗೆ ಇಷ್ಟು ಕೊಟ್ಟು ಒಯ್ಯಿರಿ’ ಎಂದ. ದುಡ್ಡು ಕೊಟ್ಟೇ ತಂದೆ. ಇವತ್ತು ಇಪ್ಪತ್ಮೂರು ಮರ ಬದುಕಿವೆ. ಟಬೆಬುಯಾ ಹೂ ಒಂದು ವಾರಕ್ಕೆ ಉದುರಿ ಹೋಗುತ್ತದೆ.

ಹಿಪ್ಪೆತೋಪು
ಮೊದಲು ಆ ಟಬೆಬುಯಾ ಜಪ ನಿಲ್ಲಿಸಿ. ಅಮೆರಿಕ ಖಂಡದಿಂದ ತಂದ ಮರ, ಹೊಸದಾಗಿ ನೆಡಬೇಡಿ. ನಮ್ಮ ಪಾರ್ಕಿನಲ್ಲಿ ನಾನು ಹಠ ಹಿಡಿದು ಹಿಪ್ಪೆ ಮತ್ತು ಬಸರಿ ನೆಡಿಸಿದೆ. ಅದಕ್ಕೆ ಸಂಘದ ಅರ್ಧ ಜನ ಮಾತು ಬಿಟ್ಟರು. ಬಸರಿಯ ಬೇರು ಕಾಂಪೌಂಡ್ ಒಡೆಯುತ್ತದೆ ಎಂದು ಒಬ್ಬರು, ಹಣ್ಣಿಗೆ ಬಾವಲಿ ಬರುತ್ತದೆ ಎಂದು ಇನ್ನೊಬ್ಬರು. ಬರಲಿ! ಬಾವಲಿ ಬರಲಿ ಎಂದೇ ನೆಟ್ಟದ್ದು.

ಲಾಲ್‌ಬಾಗ್ ನಡಿಗೆ
ಹಾಗಾದರೆ ಲಾಲ್‌ಬಾಗಿಗೂ ಕೊಡಲಿ ಹಾಕೋಣವೇ? 1908ರಿಂದ 1932ರವರೆಗೆ ಅದನ್ನು ನೋಡಿಕೊಂಡ ಕ್ರುಂಬಿಗಲ್ ಜರ್ಮನಿಯವರು. ಒಂದರ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ನಗರದ ರಸ್ತೆಗಳಿಗೆ ಮರ ಆರಿಸಿದವರು ಅವರೇ. ಗುಲ್‌ಮೊಹರ್ ಮಡಗಾಸ್ಕರಿನದು, ಮಳೆಮರವೂ ಅಮೆರಿಕದ ಕಡೆಯದೇ. ಅದರ ನೆರಳಲ್ಲಿ ಕಾರು ನಿಲ್ಲಿಸುವಾಗ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ.

ಹಿಪ್ಪೆತೋಪು
ನಾನು ಕಡಿಯಿರಿ ಎಂದೆನೇ? ಹೊಸದಾಗಿ ನೆಡಬೇಡಿ ಎಂದೆ. ಓದಿ ಉತ್ತರಿಸಿ.

ತಟ್ಟೆಮನೆ
ಮರದ ಜಗಳ ಗಂಡಸರಿಗೆ ಬಿಟ್ಟೆ. ಹಬ್ಬ ಮುಗಿದ ಮೇಲೆ ಪಾರ್ಕು ಹೇಗಿರುತ್ತದೆ ಎಂದು ಯಾರಾದರೂ ಕೇಳಿದಿರಾ? ನಮ್ಮ ಕೆರೆ ಹಬ್ಬಕ್ಕೆ ಸ್ಟೀಲ್ ತಟ್ಟೆಯೇ ಆಗಬೇಕೆಂದು ಪಟ್ಟು ಹಿಡಿದವಳು ನಾನು. ಕೈಕೊಂಡ್ರಹಳ್ಳಿಯ ಕೆರೆ ಹಬ್ಬಕ್ಕೆ ಹೋಗಿ ಬಂದಿದ್ದೆ, ತಲೆಯಲ್ಲಿ ಅದೇ ಕೂತಿತ್ತು. ತಟ್ಟೆ, ಲೋಟ, ಚಮಚ 250 ಜೊತೆ ಎರವಲು ತಂದೆವು. ಬಾಡಿಗೆ ಇಲ್ಲ, ಠೇವಣಿ 5,000. ಕಳೆದುಹೋದ ತಟ್ಟೆಗೆ 90, ಲೋಟಕ್ಕೆ 40, ಚಮಚಕ್ಕೆ 15. ಕೊನೆಗೆ ಏಳು ತಟ್ಟೆ, ಹತ್ತೊಂಬತ್ತು ಚಮಚ ಕಮ್ಮಿ, 915 ಮುರಿದುಕೊಂಡರು. ಎರಡು ಚಮಚ ಆಮೇಲೆ ಭಾಷಣಕಾರರ ಹೂಗುಚ್ಛದಲ್ಲಿ ಸಿಕ್ಕವು, ಹೇಗೆ ಎಂದು ಕೇಳಬೇಡಿ. ತೊಳೆಯಲು ಇಬ್ಬರಿಗೆ ತಲಾ 800. ತೊಳೆದ ನೀರು ಕೆರೆಗೆ ಹೋಗದಂತೆ ಬಚ್ಚಲು ತೋಡಿಸಲು ಇನ್ನೂ 600.

ಹೊಂಗೆಕಟ್ಟೆ
ಅಡಿಕೆ ಹಾಳೆಯ ತಟ್ಟೆ ಇರುವಾಗ ಇಷ್ಟೆಲ್ಲ ಯಾಕೆ ಮೇಡಂ? ಒಂದಕ್ಕೆ ಐದು ರೂಪಾಯಿ, ಆಮೇಲೆ ಗೊಬ್ಬರ.

ತಟ್ಟೆಮನೆ
ಗೊಬ್ಬರ ಮಾಡಿದ್ದೀರಾ, ಅಥವಾ ಮೂಟೆ ಕಟ್ಟಿ ಪಾರ್ಕಿನ ಮೂಲೆಗೆ ಇಟ್ಟಿರಾ? ನಮ್ಮ ಪಕ್ಕದ ಬಡಾವಣೆಯವರು ಅದನ್ನೇ ಮಾಡಿದರು. ನಾಯಿಗಳು ರಾತ್ರಿಯೆಲ್ಲ ಎಳೆದಾಡಿ ಬೆಳಿಗ್ಗೆ ರಸ್ತೆಯುದ್ದಕ್ಕೂ ಹಾಳೆ.

ಕಾಯಿದೆ ಪುಸ್ತಕ
ಮಳಿಗೆಯ ಬಗ್ಗೆ ಕೇಳಿದ್ದರು. ಪಾರ್ಕು, ಆಟದ ಮೈದಾನ, ಬಯಲುಗಳ ರಕ್ಷಣೆಗೆ ರಾಜ್ಯದಲ್ಲಿ 1985ರ ಕಾಯಿದೆಯೇ ಇದೆ. ಪಾರ್ಕನ್ನು ಮುಂಚಿತ ಅನುಮತಿಯಿಲ್ಲದೆ ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ. ನಾವು ಸಸಿ ಮಾರುವ ಒಂದು ಮೇಜು ಹಾಕಿದ್ದಕ್ಕೆ ಅರ್ಜಿ ಹೋಯಿತು. ಕೊಟ್ಟವರು ಸಂಘದ ಹಿಂದಿನ ಖಜಾಂಚಿ. ಲೆಕ್ಕ ಕೇಳಿದ್ದೆವೆಂದು ಸೇಡು. ಅರ್ಜಿ ಹಿಂದಕ್ಕೆ ಪಡೆಯುವವರೆಗೆ ನನಗೆ ಜೆರಾಕ್ಸಿಗೇ 740 ಆಯಿತು.

ಗುದ್ದಲಿ ಹಿಡಿದವನು
ಸಸಿ ಮಾರುವುದೇಕೆ? ಹಂಚಬೇಕು.

ಕಾಯಿದೆ ಪುಸ್ತಕ
ಪುಕ್ಕಟೆ ಕೊಟ್ಟ ಸಸಿ ಬಾಲ್ಕನಿಯಲ್ಲಿ ಒಣಗುತ್ತದೆ, ಇಪ್ಪತ್ತು ರೂಪಾಯಿ ಕೊಟ್ಟವನು ನೀರು ಹಾಕುತ್ತಾನೆ. ನಿಮ್ಮ ನಲವತ್ತರಲ್ಲಿ ಹದಿನೇಳು ಹೋದದ್ದು ಏಕೆ ಎಂದುಕೊಂಡಿರಿ?

ಗುದ್ದಲಿ ಹಿಡಿದವನು
ಐದು ಮರದ ತಲೆಯನ್ನು ವಿದ್ಯುತ್ ತಂತಿಗೆ ತಾಗುತ್ತವೆಂದು ಸವರಿದರು, ಅವೂ ಸತ್ತವು. ನಿಮ್ಮ ಇಪ್ಪತ್ತು ರೂಪಾಯಿ ಅದನ್ನು ತಡೆಯುತ್ತಿತ್ತೇ?

ಮೂರನೇ ಅಡ್ಡರಸ್ತೆ
ಎಲ್ಲರಿಗೂ ವಂದನೆ. ಆದರೆ ಮುಕ್ಕಾಲು ಎಕರೆಗೆ, 40,000ಕ್ಕೆ, ಜೂನೋ ಫೆಬ್ರುವರಿಯೋ ಎಂಬುದು ಇನ್ನೂ ತಿಳಿಯಲಿಲ್ಲ.

ಲಾಲ್‌ಬಾಗ್ ನಡಿಗೆ
ಬೆಂಗಳೂರಿಗೆ ಜೋರು ಮಳೆ ಸೆಪ್ಟೆಂಬರ್ ಸುತ್ತಮುತ್ತ. ಧಾರವಾಡದ ಲೆಕ್ಕ ಇಲ್ಲಿ ನಡೆಯದು. ಜೂನಿನಲ್ಲಿ ನೆಟ್ಟರೆ ಟ್ಯಾಂಕರಿಗೆ ದುಡ್ಡು ಎತ್ತಿಡಿ. ಫೆಬ್ರುವರಿಯಲ್ಲಿ ಶಾಮಿಯಾನವೇ ಬೇಡ, ಮರದ ಕೆಳಗೆ ಜಮಖಾನೆ ಹಾಸಿ.

ಹೊಂಗೆಕಟ್ಟೆ
ಜಮಖಾನೆಯ ಮೇಲೆ ಹಿರಿಯರು ಕೂರಲಾರರು. ಮಂಡಿನೋವಿನವರನ್ನು ಯಾರು ಎಬ್ಬಿಸುತ್ತಾರೆ? ಕುರ್ಚಿ ಬೇಕೇ ಬೇಕು.

ತಟ್ಟೆಮನೆ
ಕುರ್ಚಿಯವನ ನಂಬರು ಕೊಡಿ. ನಮ್ಮವನು 14 ಕೇಳುತ್ತಿದ್ದಾನೆ.