200 ಕಿ.ಮೀ. ಸವಾರಿ: 140 ದಾಟಿದರೆ ಬಲ ಮೀನಖಂಡ ಕಲ್ಲಾಗುತ್ತದೆ

ಬೆಳಗಿನಸವಾರ:

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಸೈಕಲ್ ಹಿಡಿದು ಮೂರು ವರ್ಷವಾಯಿತು. ವಾರಕ್ಕೆ ಮೂರು ದಿನ ಹೋಗುತ್ತೇನೆ, ಒಂದು ಸಲಕ್ಕೆ ಹೆಚ್ಚೆಂದರೆ 70 ಕಿ.ಮೀ. ಅಷ್ಟು ದೂರಕ್ಕೆ ಕಾಲು ಯಾವತ್ತೂ ತಕರಾರು ತೆಗೆದಿಲ್ಲ. 200 ಕಿ.ಮೀ. ಬ್ರೆವೆಗೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ) ಇಳಿದ ಮೇಲೆ ಶುರುವಾಯಿತು ಈ ಕಾಟ. ಇದುವರೆಗೆ ಎರಡು ಮಾಡಿದ್ದೇನೆ. ಎರಡರಲ್ಲೂ 140 ದಾಟುತ್ತಿದ್ದಂತೆ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು.

ಮೊದಲು ಸಣ್ಣಗೆ ಅದುರುತ್ತದೆ, ಚರ್ಮದ ಕೆಳಗೆ ಹುಳ ಹರಿದ ಹಾಗೆ. ಐದ್ಹತ್ತು ನಿಮಿಷ ಕಳೆದರೆ ಗಟ್ಟಿ ಉಂಡೆ. ಕಳೆದ ಸಲ, ನಿಲ್ಲಿಸಿಬಿಡೋಣ ಅಂತ ಕ್ಲೀಟ್ (ಶೂವನ್ನು ಪೆಡಲಿಗೆ ಸಿಕ್ಕಿಸುವ ಕೊಂಡಿ) ಬಿಡಿಸಲು ಹಿಮ್ಮಡಿ ಹೊರಕ್ಕೆ ತಿರುಗಿಸಿದೆ. ಸರಿಯಾಗಿ ಆಗಲೇ ಹಿಡಿಯಿತು ನೋಡಿ. ಶೂ ಪೆಡಲಿಗೆ ಕಚ್ಚಿಕೊಂಡೇ ಇತ್ತು. ಸೈಕಲ್ ಸಮೇತ ರಸ್ತೆ ಬದಿಯ ಹುಲ್ಲಿಗೆ ಉರುಳಿದೆ. ಹಿಂದೆ ಬರುತ್ತಿದ್ದ ಇಬ್ಬರಿಗೆ ನಗಬೇಕೋ ಎತ್ತಬೇಕೋ ಗೊತ್ತಾಗಲಿಲ್ಲ. ಕೊನೆಯ 40 ಕಿ.ಮೀ. ಹೆಚ್ಚುಕಡಿಮೆ ಎಡಗಾಲಿನಲ್ಲೇ ತುಳಿದೆ. ಹದಿಮೂರೂವರೆ ಗಂಟೆಯ ಗಡುವಿಗೆ 9 ನಿಮಿಷ ಇರುವಾಗ ಮುಟ್ಟಿದೆ.

ನೀರು ಸಾಲದು ಅಂದರು, ಹೊಟ್ಟೆ ಕುಲುಕುವಷ್ಟು ಕುಡಿದೆ. ಬಾಳೆಹಣ್ಣು ತಿನ್ನು ಅಂದರು, ತಿಂದೆ. ಮೂರು ವಾರ ಮೆಗ್ನೀಸಿಯಂ ಮಾತ್ರೆಯೂ ಆಯಿತು. ಏನೂ ಬದಲಾಗಲಿಲ್ಲ. ಮುಂದಿನ ತಿಂಗಳು ಮತ್ತೆ 200 ಇದೆ. ಕ್ರ್ಯಾಂಪ್ ಬರದ ಹಾಗೆ ಏನು ಮಾಡಲಿ? ಬಂದೇಬಿಟ್ಟರೆ ದಾರಿಯಲ್ಲಿ ಏನು ಮಾಡಲಿ? ಸುಮ್ನೆ ‘ಸ್ಟ್ರೆಚ್ ಮಾಡಿ’ ಅಂತ ಒಂದು ಸಾಲು ಬರೆಯಬೇಡಿ. ಅದನ್ನು ಈಗಾಗಲೇ ಹದಿನೈದು ಜನ ಹೇಳಿದ್ದಾರೆ.

ಉಪ್ಪುನೀರು:

ಉಪ್ಪು ಸರ್, ಉಪ್ಪು. ಸವಾರಿ ಮುಗಿದ ಮೇಲೆ ಜರ್ಸಿ ಮೇಲೆ ಬಿಳಿ ಗೆರೆ ಮೂಡುತ್ತದಾ ನೋಡಿ. ನನ್ನದಂತೂ ಸುಣ್ಣ ಬಳಿದ ಹಾಗಿರುತ್ತದೆ. ಬರೀ ನೀರು ಬಿಟ್ಟು ಓಆರ್‌ಎಸ್ ಶುರು ಮಾಡಿದೆ, ಅವತ್ತಿನಿಂದ ಕ್ರ್ಯಾಂಪ್ ಇಲ್ಲ. ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ.

ಹಳೇಚೈನು:

ಉಪ್ಪಿನ ಮಾತನ್ನು ತಳ್ಳಿಹಾಕುವುದಿಲ್ಲ. ಅದಕ್ಕೆ ನೂರು ವರ್ಷದ ಹಿನ್ನೆಲೆ ಇದೆ. ಹಡಗಿನ ಕುಲುಮೆಗೆ ಕಲ್ಲಿದ್ದಲು ಹಾಕುತ್ತಿದ್ದವರು, ಗಣಿಯಲ್ಲಿ ದುಡಿಯುತ್ತಿದ್ದವರು ಬೆವರು ಸುರಿಸಿ, ಬರೀ ನೀರು ಕುಡಿದು, ಮೈಯೆಲ್ಲ ಸೆಟೆದು ಬೀಳುತ್ತಿದ್ದರು. 1930ರ ದಶಕದಲ್ಲಿ ಅಮೆರಿಕದ ಹೂವರ್ ಅಣೆಕಟ್ಟು ಕಟ್ಟಿದವರಿಗೂ ಇದೇ ಪಾಡು. ಉಪ್ಪು ಕೊಟ್ಟ ಮೇಲೆ ಸುಧಾರಿಸಿತು.

ಆದರೆ ಬೆಳಗಿನಸವಾರರೇ, ನೀವು ಬರೆದದ್ದನ್ನು ಇನ್ನೊಮ್ಮೆ ಓದಿ. ಎರಡೂ ಸಲ ಬಲಗಾಲು. ಎರಡೂ ಸಲ ಮೀನಖಂಡ. ಎರಡು ಕಾಲಿಗೂ ಹರಿಯುವುದು ಒಂದೇ ರಕ್ತ ಅಲ್ವಾ? ರಕ್ತದಲ್ಲಿ ಉಪ್ಪು ಇಳಿದಿದ್ದರೆ ಎಡಗಾಲು, ಕೈ, ಹೊಟ್ಟೆ ಯಾಕೆ ಸುಮ್ಮನಿದ್ದವು? ಆ ಎಡಗಾಲು ಕೊನೆಯ 40 ಕಿ.ಮೀ. ಇಬ್ಬರ ಕೆಲಸ ಬೇರೆ ಮಾಡಿದೆ!

2011ರಲ್ಲಿ 210 ಐರನ್‌ಮ್ಯಾನ್ (ಈಜು, ಸೈಕಲ್, ಓಟ ಮೂರೂ ಸೇರಿದ ದೂರದ ಸ್ಪರ್ಧೆ) ಸ್ಪರ್ಧಿಗಳ ಮೇಲೆ ನಡೆಸಿದ ಒಂದು ಅಧ್ಯಯನ ಪ್ರಕಟವಾಯಿತು. ಕ್ರ್ಯಾಂಪ್ ಬಂದವರಿಗೂ ಬಾರದವರಿಗೂ ರಕ್ತದ ಸೋಡಿಯಂನಲ್ಲಾಗಲಿ, ಮೈಯ ನೀರಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಸಿಕ್ಕ ವ್ಯತ್ಯಾಸ ಬೇರೆ: ಕ್ರ್ಯಾಂಪ್ ಬಂದವರು ಜಾಸ್ತಿ ವೇಗದಲ್ಲಿ ಹೋಗಿದ್ದರು, ಮತ್ತು ಅವರಿಗೆ ಹಿಂದೆಯೂ ಕ್ರ್ಯಾಂಪ್ ಬಂದಿತ್ತು.

ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ಸ್ನಾಯುವಿಗೆ ‘ಬಿಗಿ’ ಅನ್ನುವ ಸಂದೇಶವೂ ಬರುತ್ತದೆ, ‘ಸಡಿಲ’ ಅನ್ನುವ ಸಂದೇಶವೂ ಬರುತ್ತದೆ. ಅದು ರೂಢಿಗಿಂತ ಜಾಸ್ತಿ ದಣಿದಾಗ ಬಿಗಿಯದು ಏರುತ್ತದೆ, ಸಡಿಲದ್ದು ಇಳಿಯುತ್ತದೆ. ಅದೇ ಹೊತ್ತಿಗೆ ಸ್ನಾಯು ಗಿಡ್ಡವಾಗಿ ಮುದುಡಿಕೊಂಡು ಕೆಲಸ ಮಾಡುತ್ತಿದ್ದರೆ ಮುಗಿಯಿತು. ಬೆಳಗ್ಗೆ ಹಾಸಿಗೆಯಲ್ಲೇ ಮೈ ಮುರಿಯುತ್ತಾ ಪಾದವನ್ನು ಮುಂದಕ್ಕೆ ಚೂಪು ಮಾಡಿದರೆ ಮೀನಖಂಡ ಚಕ್ಕನೆ ಹಿಡಿಯುವುದಿಲ್ಲವೇ? ಹಾಸಿಗೆಯಲ್ಲಿ ಯಾರು ಬೆವರುತ್ತಾರೆ, ಹೇಳಿ.

ಈಗ ಸೈಕಲ್ ವಿಷಯ. ಪಾದವನ್ನು ಚೂಪು ಮಾಡಿಸುವುದು ಏನು? ಸೀಟು ಎತ್ತರ. ಪೆಡಲ್ ಕೆಳಗೆ ಹೋದಾಗ ಕಾಲು ಎಟುಕದೆ ತುದಿಗಾಲಲ್ಲಿ ತುಳಿಯುತ್ತೀರಿ. ಇನ್ನೊಂದು, ಶೂ ಅಡಿಯ ಕ್ಲೀಟ್ ತೀರಾ ಮುಂದಿರುವುದು. ಆಗ ಪಾದ ಉದ್ದದ ಸನ್ನೆಕೋಲಾಗುತ್ತದೆ, ಅದನ್ನು ಎತ್ತಿ ಹಿಡಿಯುವ ಹೊರೆ ಮೀನಖಂಡದ ಮೇಲೆ ಬೀಳುತ್ತದೆ. 70 ಕಿ.ಮೀ.ಗೆ ಇದು ಗೊತ್ತಾಗುವುದಿಲ್ಲ. ಗಂಟೆಗೆ 5,000 ಸುತ್ತಿನ ಲೆಕ್ಕದಲ್ಲಿ ಏಳೆಂಟು ಗಂಟೆ ತುಳಿದ ಮೇಲೆ ಗೊತ್ತಾಗುತ್ತದೆ.

ನಾನೂ ನಾಲ್ಕು ವರ್ಷ ಉಪ್ಪಿನ ಪುಡಿಗಳ ಹಿಂದೆ ಓಡಿದವನೇ. ಒಂದು 300ರ ಹಿಂದಿನ ದಿನ ನನ್ನ ಸೈಕಲ್‌ನ ಹಿಂದಿನ ಹಬ್ ಕೈಕೊಟ್ಟಿತು. ಗೆಳೆಯನ ಸೈಕಲ್ ತಗೊಂಡು ಹೋದೆ. ಅವನ ಸೀಟು ನನ್ನದಕ್ಕಿಂತ ಒಂದು ಹೆಬ್ಬೆರಳಿನಷ್ಟು ಕೆಳಗಿತ್ತು. ಅಲನ್ ಕೀ ಹುಡುಕುವ ಸೋಮಾರಿತನಕ್ಕೆ ಹಾಗೇ ಹೊರಟೆ. ಮೀನಖಂಡ 300 ಕಿ.ಮೀ. ಉಸಿರೇ ಎತ್ತಲಿಲ್ಲ. ಮಂಡಿ ಮಾತ್ರ ಬೈದುಕೊಂಡಿತು, ಅಷ್ಟು ಕೆಳಗೂ ಇರಬಾರದು ಅಂತ.

ಹಾಗಾಗಿ ಮೊದಲು ಇಷ್ಟು ಹೇಳಿ. ಈ ಕಾಟ ಶುರುವಾಗುವ ಮುಂಚೆ ಸೀಟು, ಶೂ, ಪೆಡಲ್ ಏನಾದರೂ ಬದಲಾಯಿಸಿದ್ದೀರಾ? ಎರಡು ಶೂಗಳ ಕ್ಲೀಟ್ ಒಂದೇ ಜಾಗದಲ್ಲಿವೆಯೇ? ಮೊದಲ 50 ಕಿ.ಮೀ. ಎಷ್ಟು ವೇಗದಲ್ಲಿ ಹೋದಿರಿ? ಏರಿನಲ್ಲಿ ನಿಮಿಷಕ್ಕೆ ಎಷ್ಟು ಸುತ್ತು ತುಳಿಯುತ್ತೀರಿ?

ಬೆಳಗಿನಸವಾರ:

ಹಳೇಚೈನು ಸರ್, ಅಳತೆ ಟೇಪು ಹಿಡಿದು ಕೂತೆ. ನಾಚಿಕೆಯಾಗುತ್ತಿದೆ.

ಮೊದಲ ಬ್ರೆವೆಗೆ ಎರಡು ವಾರ ಮುಂಚೆ ಹೊಸ ಸೀಟು ಹಾಕಿಸಿದ್ದೆ. ಕ್ರ್ಯಾಂಕ್ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಹಳೆಯದು 722 ಮಿ.ಮೀ. ಅಂತ ಬರೆದಿಟ್ಟಿದ್ದೆ. ಈಗ 733. ಬಲ ಶೂನ ಕ್ಲೀಟ್ ಎಡದ್ದಕ್ಕಿಂತ 6 ಮಿ.ಮೀ. ಮುಂದಿದೆ. ಸ್ಕ್ರೂ ಸಡಿಲವಾಗಿ ಒಮ್ಮೆ ದಾರಿಯಲ್ಲೇ ಬಿಗಿ ಮಾಡಿದ್ದೆ, ಆಗ ಜಾರಿರಬೇಕು.

ಮೊದಲ 50 ಕಿ.ಮೀ. ಗುಂಪಿನ ಜೊತೆ ಗಂಟೆಗೆ 29 ಕಿ.ಮೀ. ವೇಗದಲ್ಲಿ ಹೋದೆ. ಒಬ್ಬನೇ ಇದ್ದರೆ 24 ದಾಟುವುದಿಲ್ಲ. ಏರಿನಲ್ಲಿ 55 ಸುತ್ತು ಇರಬಹುದು.

ಹಳೇಚೈನು:

ನಾಚಿಕೆ ಯಾಕೆ? ಸಿಕ್ಕಿಬಿದ್ದಿತಲ್ಲ.

ಸೀಟನ್ನು ಒಂದೇ ಏಟಿಗೆ 11 ಮಿ.ಮೀ. ಇಳಿಸಬೇಡಿ. ದೇಹ ಈಗ ಅದಕ್ಕೆ ಒಗ್ಗಿರುತ್ತದೆ. ಮೂರ್ನಾಲ್ಕು ಮಿ.ಮೀ. ಇಳಿಸಿ, ಎರಡು ಸವಾರಿ ಮಾಡಿ, ಮತ್ತೆ ಇಳಿಸಿ. ಒರಟು ಅಂದಾಜಿಗೆ: ಪೆಡಲ್ ಅತಿ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಸೊಂಟ ವಾಲದೆ ಮಂಡಿ ನೇರವಾಗಬೇಕು. ಆಮೇಲೆ ಪಾದದ ಮುಂಭಾಗ ಪೆಡಲ್ ಮೇಲಿಟ್ಟಾಗ ಮಂಡಿ 25ರಿಂದ 35 ಡಿಗ್ರಿ ಮಡಚಿರುತ್ತದೆ. ಬಲ ಕ್ಲೀಟನ್ನು ಇವತ್ತೇ ಎಡದ್ದರ ಸಮಕ್ಕೆ ಹಿಂದಕ್ಕೆ ತನ್ನಿ. ಶೂ ತಳದಲ್ಲಿ ಮಾರ್ಕರ್‌ನಿಂದ ಗೆರೆ ಎಳೆದಿಡಿ, ಮುಂದೆ ಜಾರಿದರೆ ಕಣ್ಣಿಗೆ ಬೀಳುತ್ತದೆ.

55 ಸುತ್ತು ಕಡಿಮೆಯಾಯಿತು. ಒಂದೇ ವೇಗಕ್ಕೆ 85 ಸುತ್ತಿನ ಬದಲು 60 ಸುತ್ತು ತುಳಿದರೆ ಪ್ರತಿ ತುಳಿತಕ್ಕೂ ಸುಮಾರು ಶೇ. 40 ಜಾಸ್ತಿ ಬಲ ಬೇಕು. ಹಗುರ ಗೇರ್ ಇಲ್ಲದಿದ್ದರೆ ಹಿಂದಿನ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು) ಬದಲಾಯಿಸಿ. 34 ಹಲ್ಲಿನದು ಹಾಕಿಕೊಂಡರೆ ಯಾರೂ ಮರ್ಯಾದೆ ಕಳೆಯುವುದಿಲ್ಲ.

ಗುಂಪಿನ ಹಿಂದೆ 29ರಲ್ಲಿ ಹೋದದ್ದಕ್ಕೆ ನಾನೇನೂ ಹೇಳುವುದಿಲ್ಲ. ನಾವೆಲ್ಲ ಆ ತಪ್ಪು ಮಾಡಿಯೇ ಮುದುಕರಾದದ್ದು. 140ರಲ್ಲಿ ಬಂದ ಕ್ರ್ಯಾಂಪ್‌ನ ಬೀಜ ಬಿದ್ದಿದ್ದು ಅಲ್ಲೇ. ವಾರಾಂತ್ಯದ 70ನ್ನು 90, 110, 130 ಅಂತ ಏರಿಸುತ್ತಾ ಬನ್ನಿ, ನಡುವೆ ಒಂದು ವಾರ ಕಡಿಮೆ ಮಾಡಿ.

ಉಪ್ಪುನೀರು:

ಅಂದರೆ ಉಪ್ಪು ದಂಡ ಅಂತಲಾ? ನನಗೆ ಕೆಲಸ ಮಾಡಿದೆಯಲ್ಲ!

ನಿಧಾನಸವಾರಿ:

ದಂಡ ಅಲ್ಲ. ನಾನು ಫಿಸಿಯೋಥೆರಪಿಸ್ಟ್, ಸೈಕಲ್ಲೂ ಓಡಿಸುತ್ತೇನೆ. ಒಂದು ಲೀಟರ್ ಬೆವರಿನಲ್ಲಿ ಒಬ್ಬರಿಗೆ ಅರ್ಧ ಗ್ರಾಂ ಸೋಡಿಯಂ ಹೋದರೆ ಇನ್ನೊಬ್ಬರಿಗೆ ಒಂದೂವರೆ ಗ್ರಾಂ ಮೇಲೂ ಹೋಗುತ್ತದೆ. ನೀವು ಎರಡನೇ ಗುಂಪಿನವರಿರಬೇಕು, ಸುಣ್ಣದ ಜರ್ಸಿ ಅಂದಿರಲ್ಲ. ಬಿಸಿಲಲ್ಲಿ ನಾಲ್ಕೈದು ಗಂಟೆ ಮೀರುವ ಸವಾರಿಗೆ ಬಾಟಲಿಯಲ್ಲಿ ಉಪ್ಪಿರಲಿ. ರಕ್ತದೊತ್ತಡ ಇದ್ದವರು ಮಾತ್ರ ವೈದ್ಯರನ್ನು ಕೇಳಿಕೊಳ್ಳಿ.

ನನಗೆ ಹೆದರಿಕೆಯಾದದ್ದು ‘ಹೊಟ್ಟೆ ಕುಲುಕುವಷ್ಟು ಕುಡಿದೆ’ ಅನ್ನುವ ಮಾತು. ಬರೀ ನೀರನ್ನು ಹಾಗೆ ಕುಡಿದರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷಿಸಿದ 488 ಓಟಗಾರರಲ್ಲಿ ಶೇ. 13ರಷ್ಟು ಜನರಿಗೆ ಸೋಡಿಯಂ ಕಡಿಮೆಯಾಗಿತ್ತು. ಬಾಯಾರಿಕೆ ನೋಡಿಕೊಂಡು ಕುಡಿಯಿರಿ. ತಿನ್ನುವುದನ್ನೂ ಮರೆಯಬೇಡಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗದಿದ್ದರೆ ಸ್ನಾಯು ಬೇಗ ದಣಿಯುತ್ತದೆ.

ಈಗ ದಾರಿಯಲ್ಲಿ ಹಿಡಿದರೆ. ಹುಳ ಹರಿದ ಹಾಗೆ ಅಂದಿರಲ್ಲ, ಅದೇ ಗಂಟೆ ಬಾರಿಸಿದ ಹಾಗೆ. ಅಲ್ಲಿಗೇ ಎರಡು ಗೇರ್ ಹಗುರ ಮಾಡಿ. ತುಳಿತ ಬಿಟ್ಟು, ಪೆಡಲ್ ಕೆಳಗಿಟ್ಟು, ಹಿಮ್ಮಡಿಯನ್ನು ನೆಲದ ಕಡೆ ಒತ್ತಿ. ಹತ್ತು ಹದಿನೈದು ಸೆಕೆಂಡ್. ಮೂರು ನಾಲ್ಕು ಸಲ. ಬಹುಪಾಲು ಅಲ್ಲೇ ಹಿಂದೆ ಸರಿಯುತ್ತದೆ.

ಪೂರ್ತಿ ಹಿಡಿದರೆ ಇಳಿಯಲೇಬೇಕು, ಚೆನ್ನಾಗಿರುವ ಕಾಲಿನ ಕ್ಲೀಟ್ ಮೊದಲು ಬಿಡಿಸಿ. ನೆಲದ ಮೇಲೆ ಕೂತು ಮಂಡಿ ನೇರ ಮಾಡಿ, ಕಾಲ್ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯಿರಿ. ಜಗ್ಗಬೇಡಿ, ಒಂದೇ ಸಮನೆ. ಜೊತೆಗೆ ಪಾದವನ್ನು ನಿಮ್ಮ ಸ್ವಂತ ಬಲದಿಂದಲೂ ಮೇಲೆತ್ತಲು ನೋಡಿ. ಎದುರಿನ ಸ್ನಾಯು ದುಡಿಯುವಾಗ ಮೀನಖಂಡಕ್ಕೆ ಸಡಿಲವಾಗು ಅನ್ನುವ ಸಂದೇಶ ಹೋಗುತ್ತದೆ. ತೊಡೆಯ ಮುಂಭಾಗ ಹಿಡಿದರೆ ಹಿಮ್ಮಡಿಯನ್ನು ಪೃಷ್ಠಕ್ಕೆ ತನ್ನಿ, ಹಿಂಭಾಗ ಹಿಡಿದರೆ ಮಂಡಿ ನೇರ ಮಾಡಿ. ಬಿಟ್ಟ ತಕ್ಷಣ ಹಾರಿ ಕೂರಬೇಡಿ. ಎರಡು ನಿಮಿಷ ನಡೆದು, ಆಮೇಲೆ ಹಗುರ ಗೇರ್‌ನಲ್ಲಿ ಹೊರಡಿ.

ತರಕಾರಿ ನೆನೆಸಿಟ್ಟ ಉಪ್ಪು-ವಿನೆಗರ್ ನೀರಿನ ಕಥೆ ಕೇಳಿರಬಹುದು. ಅದು ಪೂರ್ತಿ ಸುಳ್ಳಲ್ಲ. 2010ರ ಒಂದು ಪ್ರಯೋಗದಲ್ಲಿ ವಿದ್ಯುತ್ತಿನಿಂದ ಬರಿಸಿದ ಕ್ರ್ಯಾಂಪ್, ನೀರು ಕುಡಿದಾಗಿನದಕ್ಕಿಂತ ಇದನ್ನು ಕುಡಿದಾಗ ಸರಾಸರಿ 49 ಸೆಕೆಂಡ್ ಬೇಗ ಬಿಟ್ಟಿತು. ಉಪ್ಪು ರಕ್ತ ಸೇರುವಷ್ಟು ಹೊತ್ತೇ ಆಗಿರಲಿಲ್ಲ. ಗಂಟಲಿಗೆ ಹುಳಿ ತಗುಲಿದ್ದಕ್ಕೆ ನರಗಳು ಎಚ್ಚೆತ್ತವು ಅನ್ನುವುದು ವಿವರಣೆ. ನನಗೆ ಆ ರುಚಿ ಆಗುವುದಿಲ್ಲ, ಕ್ರ್ಯಾಂಪ್ ಆದರೂ ತಡೆದುಕೊಂಡೇನು. ಕ್ವಿನೈನ್ ಮಾತ್ರೆ ಯಾರಾದರೂ ಹೇಳಿದರೆ ಬೇಡವೇ ಬೇಡ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್, ಹೃದಯದ ಬಡಿತ ಎರಡಕ್ಕೂ ಕುತ್ತು.

ಇದನ್ನು ಮಾತ್ರ ಎಲ್ಲರೂ ಓದಿ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋವು ಬಿಡದೆ ಕೂತಿದ್ದರೆ, ಅಥವಾ ಸವಾರಿ ಆದ ಮೇಲೆ ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ತಿರುಗಿದರೆ ಅದು ಕ್ರ್ಯಾಂಪ್ ವಿಷಯವಲ್ಲ. ಅವತ್ತೇ ಆಸ್ಪತ್ರೆಗೆ ಹೋಗಿ. ಕೊಲೆಸ್ಟ್ರಾಲ್ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರಿಗೆ ಕ್ರ್ಯಾಂಪ್ ಪದೇ ಪದೇ ಬರುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಬೆಳಗಿನಸವಾರ:

ವರದಿ ಒಪ್ಪಿಸಲು ಬಂದೆ. ಸೀಟು ಈಗ 724. ಕ್ಲೀಟ್ ಎರಡೂ ಸಮ. ಒಂದು ಬಾಟಲಿ ಉಪ್ಪಿನದು, ಒಂದು ಬರೀ ನೀರು, ಉಪ್ಪುನೀರು ಅವರ ಸಮಾಧಾನಕ್ಕೆ.

ಮೊದಲ ಗಂಟೆ ಗುಂಪು ಮುಂದೆ ಹೋಗುವುದನ್ನು ನೋಡುತ್ತಾ 24ರಲ್ಲೇ ಇದ್ದೆ. ಕಷ್ಟವಾಯಿತು, ಕಾಲಿಗಲ್ಲ, ಮನಸ್ಸಿಗೆ. ಅವರಲ್ಲಿ ಮೂವರು 120ರ ನಂತರ ರಸ್ತೆ ಬದಿಯಲ್ಲಿ ಸಿಕ್ಕರು.

140 ಬಂತು, ಹೋಯಿತು. 168ರಲ್ಲಿ ಹುಳ ಹರಿಯಿತು. ಎರಡು ಗೇರ್ ಇಳಿಸಿದೆ, ನಿಧಾನಸವಾರಿ ಮೇಡಂ ಹೇಳಿದ ಹಾಗೆ ಹಿಮ್ಮಡಿ ಒತ್ತಿದೆ. ಮೂರನೇ ಸಲಕ್ಕೆ ಹೋಯಿತು, ಮತ್ತೆ ಬರಲಿಲ್ಲ. 11 ಗಂಟೆ 50 ನಿಮಿಷಕ್ಕೆ ಮುಗಿಸಿದೆ. ಕೊನೆಯಲ್ಲಿ ಅಭ್ಯಾಸಬಲದಿಂದ ಬಲಗಾಲನ್ನೇ ಮೊದಲು ಬಿಡಿಸಲು ಹೋಗಿ, ನೆನಪಾಗಿ ಎಡಗಾಲು ಬಿಡಿಸಿದೆ.

ಹಳೇಚೈನು ಸರ್, ಈಗ ಎಡ ಅಂಗೈಯ ಎರಡು ಬೆರಳು ಜೋಮು ಹಿಡಿಯುತ್ತಿವೆ. ಅದಕ್ಕೆ ಬೇರೆ ಪ್ರಶ್ನೆ ಹಾಕಲಾ?